ನಾಲ್ಕು ಸಲ ತೋರಿಸಿದ ಸಿನಿಮಾ

‘ತಾರೇ ಜಮೀನ್ ಪರ್’ ಸಿನಿಮಾವನ್ನು ನಾನು ನಮ್ಮ ಕಡೆ ನಾಲ್ಕು ಸಲ ತೋರಿಸಿದ್ದೇನೆ. ಮೊದಲ ಸಲ ತೋರಿಸಿದ ನಾಲ್ಕನೇ ದಿನಕ್ಕೆ ನಮ್ಮ ಶಾಲೆಯ ಒಬ್ಬ ಹುಡುಗ ಶಾಲೆಗೆ ಬರುವುದನ್ನೇ ನಿಲ್ಲಿಸಿದ. ಒಳ್ಳೇ ಮೇಷ್ಟ್ರ ಕಥೆ ತೋರಿಸಿ ಮಗುವನ್ನು ಶಾಲೆ ಬಿಡಿಸಿದ ಟೀಚರ್ ಬೇರೆಲ್ಲಿದ್ದಾರೋ ಗೊತ್ತಿಲ್ಲ, ಹಿರಿಯೂರು ತಾಲ್ಲೂಕಿನಲ್ಲಂತೂ ನಾನೊಬ್ಬಳಿದ್ದೇನೆ.

ನಮ್ಮದು ಒಂದರಿಂದ ಏಳನೇ ತರಗತಿಯವರೆಗಿನ ಸರ್ಕಾರಿ ಶಾಲೆ. ನಾಲ್ಕು ಜನ ಶಿಕ್ಷಕರು. ನಾಲ್ಕನೇ ಕ್ಲಾಸಿಗೆ ಬಂದರೂ ಓದು ಹತ್ತದ ಮಕ್ಕಳು ಪ್ರತಿ ವರ್ಷ ಇಬ್ಬರೋ ಮೂವರೋ ಇದ್ದೇ ಇರುತ್ತಾರೆ. ಅವರ ಅಪ್ಪ ಅಮ್ಮಂದಿರು ಬಂದರೆ ಒಂದೇ ಮಾತು: ‘ನಾಲ್ಕು ಬಿಗೀರಿ ಟೀಚರ್, ತಾನೇ ಬರ್ತದೆ.’ ಬಿಗಿದರೆ ಬರುವುದಿಲ್ಲ ಅಂತ ನಾನು ಎಷ್ಟು ಸಲ ಹೇಳಿದರೂ ನಂಬುತ್ತಿರಲಿಲ್ಲ. ಆಗ ಈ ಸಿನಿಮಾ ನೆನಪಾಯಿತು. 2007ರ ಡಿಸೆಂಬರಿನಲ್ಲಿ ಬಂದದ್ದು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಥಿಯೇಟರಿನಲ್ಲಿ ನೋಡಿ, ದುಪಟ್ಟಾ ಒದ್ದೆ ಮಾಡಿಕೊಂಡು, ನಾಳೆಯಿಂದ ನಾನೂ ಹಾಗೇ ಇರುತ್ತೇನೆ ಅಂದುಕೊಂಡು ಮನೆಗೆ ಬಂದಿದ್ದೆ. ‘ಹಾಗೇ’ ಅಂದರೆ ಅಮೀರ್ ಖಾನ್ ಮಾಡಿದ ರಾಮ್ ಶಂಕರ್ ನಿಕುಂಭ್ ಅನ್ನುವ ಡ್ರಾಯಿಂಗ್ ಮೇಷ್ಟ್ರ ಹಾಗೆ.

ನೋಡದವರಿಗೆ ಕಥೆ ಎರಡು ಮಾತಿನಲ್ಲಿ: ಮುಂಬೈನ ಎಂಟೊಂಬತ್ತು ವರ್ಷದ ಇಶಾನ್‌ಗೆ ಅಕ್ಷರಗಳು ಕುಣಿದಂತೆ ಕಾಣುತ್ತವೆ. ಸೋಮಾರಿ ಅಂತ ಬೈಸಿಕೊಂಡು ಬೋರ್ಡಿಂಗ್ ಶಾಲೆ ಸೇರುತ್ತಾನೆ, ಅಲ್ಲಿ ಮೂಕನ ಹಾಗಾಗುತ್ತಾನೆ. ಅದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಹತ್ತದಂತೆ ಮಾಡುವ ಕಲಿಕಾ ನ್ಯೂನತೆ, ಅಂತ ನಿಕುಂಭ್ ಕಂಡುಹಿಡಿದು, ಕೂರಿಸಿಕೊಂಡು ಕಲಿಸಿ, ಕೊನೆಗೆ ಚಿತ್ರಕಲಾ ಸ್ಪರ್ಧೆಯಲ್ಲಿ ಹುಡುಗ ಗೆಲ್ಲುವಂತೆ ಮಾಡುತ್ತಾರೆ.

ಮೊದಲ ಪ್ರದರ್ಶನ ಒಂದು ಶನಿವಾರ ಇಟ್ಟೆ. ಬೆಳಗಿನ ಶಾಲೆ ಮುಗಿದ ಮೇಲೆ ನಾಲ್ಕರಿಂದ ಏಳನೇ ಕ್ಲಾಸಿನ ಮಕ್ಕಳು, ಜೊತೆಗೆ ತಾಯಂದಿರ ಸಭೆಗೆ ಬಂದ ಅಮ್ಮಂದಿರು. ಕಿಟಕಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದೆವು. ಭಾಷೆ ಹಿಂದಿ. ಆರನೇ ಕ್ಲಾಸಿನಿಂದ ಹಿಂದಿ ಕಲಿಯುವ ನಮ್ಮ ಮಕ್ಕಳಿಗೆ ‘ಯಹ್ ಕಮಲ್ ಹೈ’ ದಾಟಿ ಏನೂ ಗೊತ್ತಿಲ್ಲ. ನಾನೇ ನಡುನಡುವೆ ಕನ್ನಡದಲ್ಲಿ ಹೇಳೋಣ ಅಂದುಕೊಂಡಿದ್ದೆ. ಆದರೆ ಮುಂದೆ ಕೂತಿದ್ದ, ಮನೆಯಲ್ಲಿ ಉರ್ದು ಆಡುವ ಒಬ್ಬ ತಾಯಿ ನನ್ನ ಕೆಲಸ ಕಿತ್ತುಕೊಂಡರು. ಒಂದೊಂದು ಮಾತಿಗೂ ಪಕ್ಕದವರಿಗೆ ಕನ್ನಡ, ಅದರ ಮೇಲೆ ತಮ್ಮದೊಂದು ಟಿಪ್ಪಣಿ. ‘ಅಪ್ಪ ಹೇಳ್ತಾನೆ ಹಾಸ್ಟೆಲ್‌ಗೆ ಹಾಕ್ತೀನಿ ಅಂತ. ಹಾಕ್ಲಿ ಬಿಡ್ರಿ, ಊಟ ವಸತಿ ಎಲ್ಲಾ ಸಿಗ್ತದೆ.’

ನನ್ನ ಲೆಕ್ಕ ಮೊದಲು ತಪ್ಪಿದ್ದು ಇಲ್ಲೇ. ಇಶಾನ್‌ನನ್ನು ಬೋರ್ಡಿಂಗ್ ಶಾಲೆಯಲ್ಲಿ ಬಿಟ್ಟು ಕಾರು ಹೊರಡುತ್ತದೆ. ಶಂಕರ್ ಮಹಾದೇವನ್ ಹಾಡು ಶುರುವಾಗುತ್ತದೆ. ಥಿಯೇಟರಿನಲ್ಲಿ ನಾನು ಬಿಕ್ಕಳಿಸಿದ್ದು ಇದೇ ಜಾಗದಲ್ಲಿ. ನಮ್ಮ ಅಮ್ಮಂದಿರು ಆರಾಮವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಮ್ಮೂರಲ್ಲಿ ಮೊರಾರ್ಜಿ ಶಾಲೆಗೋ ನವೋದಯಕ್ಕೋ ಸೀಟು ಸಿಕ್ಕರೆ ಮನೆಯವರು ಬೀದಿಗೆಲ್ಲ ಪೇಡ ಹಂಚುತ್ತಾರೆ. ವಸತಿ ಶಾಲೆ ಅಂದರೆ ಶಿಕ್ಷೆ ಅಂತ ಯಾರ ತಲೆಗೂ ಹೋಗಲಿಲ್ಲ. ‘ಅಷ್ಟು ದೊಡ್ಡ ಸ್ಕೂಲು, ಮಂಚ ಹಾಸಿಗೆ, ಇವನ್ಯಾಕೆ ಅಳ್ತಾನೆ?’ ಅಂತ ಒಬ್ಬರು ನಿಜವಾಗಲೂ ಕೇಳಿದರು.

ಆದರೆ ಬಹಳ ಜನರನ್ನು ಅಳಿಸಿದ ದೃಶ್ಯ ಒಂದಿತ್ತು. ಇಶಾನ್ ಒಂದು ಪುಟ್ಟ ಪುಸ್ತಕದ ಮೂಲೆಯಲ್ಲಿ ಹಾಳೆ ಹಾಳೆಗೂ ಚಿತ್ರ ಬರೆದಿರುತ್ತಾನೆ. ಸರ್ರನೆ ತಿರುವಿದರೆ ಒಂದು ಮಗು ಮನೆಯವರಿಂದ ದೂರ ದೂರ ಸರಿದು ಹೋಗುತ್ತದೆ. ಅದನ್ನು ತಿರುವುತ್ತಾ ಅವನ ಅಮ್ಮ ಅಳುತ್ತಾಳೆ. ಅಲ್ಲಿ ಮಾತಿಲ್ಲ, ಅನುವಾದ ಬೇಕಿರಲಿಲ್ಲ. ಹೆಚ್ಚುಕಮ್ಮಿ ಕೋಣೆ ಪೂರ್ತಿ ಸೆರಗು ಮೇಲೆ ಹೋಯಿತು.

ಮಕ್ಕಳು ಮಾತ್ರ ಬೇರೆಯದೇ ಸಿನಿಮಾ ನೋಡುತ್ತಿದ್ದರು. ಇಶಾನ್ ಚರಂಡಿಯಲ್ಲಿ ಮೀನು ಹಿಡಿಯುವುದು, ಶಾಲೆಗೆ ಚಕ್ಕರ್ ಹೊಡೆದು ಊರು ಸುತ್ತುವುದು, ಇವಕ್ಕೆ ಸಿಕ್ಕಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಸಿಗಲಿಲ್ಲ. ಒಂದು ದೃಶ್ಯದಲ್ಲಿ ಮೂರು ಒಂಬತ್ತಲಿ ಎಷ್ಟು ಅನ್ನುವುದಕ್ಕೆ ಅವನು ಮೂರನೇ ಗ್ರಹ ಭೂಮಿಯನ್ನು ಎಳೆದುಕೊಂಡು ಹೋಗಿ ಒಂಬತ್ತನೇ ಗ್ರಹ ಪ್ಲೂಟೋಗೆ ಗುದ್ದಿಸುತ್ತಾನೆ. ಪ್ಲೂಟೋ ಪುಡಿ, ಉಳಿದದ್ದು ಮೂರು, ಉತ್ತರ ಮೂರು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು, ‘ಮಿಸ್, ಪ್ಲೂಟೋ ಗ್ರಹವೇ ಅಲ್ಲ’ ಅಂದಳು. ಹೌದು, 2006ರಲ್ಲೇ ಅದನ್ನು ಗ್ರಹಗಳ ಪಟ್ಟಿಯಿಂದ ತೆಗೆದಿದ್ದರು. ಇನ್ನೊಬ್ಬನ ಪ್ರಶ್ನೆ ಇನ್ನೂ ಚುರುಕಾಗಿತ್ತು. ‘ಮಿಸ್, ಮೂರನೇ ಕ್ಲಾಸಲ್ಲಿ ಯಾರಾದ್ರೂ ಫೇಲ್ ಮಾಡ್ತಾರಾ?’ ಇಶಾನ್ ಮೂರನೇ ಕ್ಲಾಸಿನಲ್ಲಿ ಫೇಲಾಗಿ ಎರಡನೇ ವರ್ಷ ಅಲ್ಲೇ ಕೂತವನು. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರಲ್ಲಿ, ಸಿನಿಮಾ ಅದಕ್ಕೂ ಮುಂಚಿನದು ಅಂತ ವಿವರಿಸಿದೆ. ಅವನಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಸಿನಿಮಾ ಮುಗಿಯಿತು. ನಾನು ಎದುರಿಗೆ ನಿಂತು, ‘ಇದರಿಂದ ಏನು ಕಲಿತಿರಿ?’ ಅಂದೆ. ಎಲ್ಲರೂ ಒಟ್ಟಿಗೆ, ‘ಮಕ್ಕಳನ್ನು ಪ್ರೀತಿಸಬೇಕು.’ ಭಾಷಣ ಸ್ಪರ್ಧೆಯ ಉತ್ತರ. ಚಪ್ಪಾಳೆ, ಬಿಸ್ಕತ್ತು, ಫೋಟೋ. ನನಗಂತೂ ಬಹಳ ಖುಷಿಯಾಗಿತ್ತು.

ಸೋಮವಾರ ಬಿಸಿಯೂಟದ ಸಾಲಿನಲ್ಲಿ ಯಾರೋ ನಾಲ್ಕನೇ ಕ್ಲಾಸಿನ ಆ ಹುಡುಗನನ್ನು ‘ಲೇ ಇಶಾನಾ’ ಅಂದರು. ಮಂಗಳವಾರದ ಹೊತ್ತಿಗೆ ಇಡೀ ಶಾಲೆಗೆ ಅವನು ಇಶಾನ. ಓದಲು ಬಾರದವರಿಗೆ ಒಂದು ಹೊಸ ಹೆಸರು ಸಿಕ್ಕಿತ್ತು, ಕೊಟ್ಟವಳು ನಾನು. ಬುಧವಾರ ಅವನು ಬರಲಿಲ್ಲ. ಅದೇ ದಿನ ಐದನೇ ಕ್ಲಾಸಿನ ಇಬ್ಬರು ಚಕ್ಕರ್ ಹೊಡೆದು ನಾಲೆಯಲ್ಲಿ ಮೀನು ಹಿಡಿಯಲು ಹೋಗಿದ್ದರು. ಅವರಲ್ಲೊಬ್ಬನ ಅಜ್ಜಿ ಶಾಲೆ ಬಾಗಿಲಿಗೇ ಬಂದು, ‘ಸಿನಿಮಾ ತೋರ್ಸಿ ಹುಡ್ರನ್ನ ಕೆಡ್ಸಿದ್ರಲ್ಲಮ್ಮ’ ಅಂತ ಬೈದು ಹೋದರು. ಅದಾದರೆ ನಕ್ಕು ಮರೆಯಬಹುದು. ಆ ಹುಡುಗನದು ಹಾಗಲ್ಲ.

ಸಂಜೆ ಅವರ ಮನೆಗೆ ಹೋದೆ. ಅಮ್ಮ ಶೇಂಗಾ ಬಿಡಿಸುತ್ತಿದ್ದರು. ಶನಿವಾರ ಅವರೂ ಸಿನಿಮಾಕ್ಕೆ ಬಂದಿದ್ದರು, ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಕೂರಲು ಚಾಪೆ ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು: ‘ಆ ಹುಡುಗನಿಗೆ ಚಿತ್ರ ಬರೆಯೋಕಾದ್ರೂ ಬರ್ತದೆ ಟೀಚರ್. ನನ್ ಮಗನಿಗೆ ಅದೂ ಬರಲ್ಲ. ಇಂಥವರ ಹತ್ರ ಯಾವ ಮೇಷ್ಟ್ರು ಬರ್ತಾರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದ ಹತ್ತಿರವೂ ಇಲ್ಲ. ಓದು ಬಾರದ ಪ್ರತಿ ಮಗುವಿನ ಒಳಗೂ ಒಂದು ದೊಡ್ಡ ಪ್ರತಿಭೆ ಅಡಗಿರಲೇಬೇಕು ಅನ್ನುವ ಹಾಗೆ ಅದು ಕಥೆ ಕಟ್ಟುತ್ತದೆ. ನಿಕುಂಭ್ ಕ್ಲಾಸಿನಲ್ಲಿ ಐನ್‌ಸ್ಟೀನ್, ಡಾ ವಿಂಚಿ ಅಂತ ಪಟ್ಟಿ ಕೊಡುತ್ತಾರೆ. ಐನ್‌ಸ್ಟೀನ್‌ಗೆ ಡಿಸ್ಲೆಕ್ಸಿಯಾ ಇತ್ತು ಅನ್ನುವುದಕ್ಕೆ ಗಟ್ಟಿ ಆಧಾರವೇ ಇಲ್ಲ, ಅದು ಹೋಗಲಿ. ಆ ಪಟ್ಟಿಯಲ್ಲಿ ನಮ್ಮೂರಿನವರು ಗುರುತು ಹಿಡಿದದ್ದು ಅಭಿಷೇಕ್ ಬಚ್ಚನ್ ಒಬ್ಬರನ್ನೇ. ಬಹುಮಾನ ಗೆಲ್ಲದ, ಹೆಸರು ಮಾಡದ, ಸುಮ್ನೆ ಓದು ಬಾರದ ಮಗುವಿಗೆ ಅಲ್ಲಿ ಜಾಗವಿಲ್ಲ. ನಾನು ಎರಡು ಸಲ ನೋಡಿದರೂ ನನಗಿದು ಹೊಳೆದಿರಲಿಲ್ಲ.

ಎರಡನೇ ಪ್ರದರ್ಶನ ಶಿಕ್ಷಕರಿಗೆ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಭೆಯಲ್ಲಿ, ಅದನ್ನು ನಡೆಸುವ ನಮ್ಮ ಸಿಆರ್‌ಪಿ ನನಗೆ ಒಂದು ಗಂಟೆ ಕೊಟ್ಟರು. ಇಡೀ ಸಿನಿಮಾ ಎರಡೂಮುಕ್ಕಾಲು ಗಂಟೆ, ಹಾಗಾಗಿ ಆರು ತುಣುಕು ಮಾಡಿಕೊಂಡು ಹೋಗಿದ್ದೆ. ಇಲ್ಲಿ ಯಾರೂ ಅಳಲಿಲ್ಲ. ಮೂರನೇ ತುಣುಕಿಗೇ ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಮೇಷ್ಟ್ರು ಕೈ ಎತ್ತಿದರು.

‘ಮೇಡಂ, ಈ ಸಿನಿಮಾದಲ್ಲಿ ಒಳ್ಳೇ ಮೇಷ್ಟ್ರು ಎಷ್ಟು ಜನ?’

‘ಒಬ್ಬರು ಸಾರ್.’

‘ಉಳಿದವರೆಲ್ಲ?’

ನಾನು ಸುಮ್ಮನಾದೆ. ಅವರು ಹೇಳಿದ್ದು ಸರಿ. ಇಶಾನ್‌ಗೆ ಪಾಠ ಮಾಡುವ ಬೇರೆ ಎಲ್ಲರೂ ಬೈಯುವವರು, ಹೊಡೆಯುವವರು, ಇಲ್ಲವೇ ನಗುವವರು. ಅವರಲ್ಲಿ ಯಾರಿಗೂ ಒಂದು ಮನೆ, ಒಂದು ತಲೆನೋವು ಇಲ್ಲ. ಅಲ್ಲಿಂದ ಮಾತು ಹೊತ್ತಿಕೊಂಡಿತು. ‘ನಿಕುಂಭ್ ಬಿಸಿಯೂಟದ ಲೆಕ್ಕ ಬರೀತಾರಾ?’ ‘ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ ಮಾಡ್ತಾರಾ?’ ‘ಚುನಾವಣೆ ಡ್ಯೂಟಿ ಇದೆಯಾ ಅವರಿಗೆ?’ ‘ಒಂದು ಮಗುಗೆ ದಿನಾ ಕೂತು ಹೇಳ್ಕೊಡೋಕೆ ಟೈಮು ಎಲ್ಲಿಂದ ಬಂತು? ನಂದು ಮೂರು ಕ್ಲಾಸು ಒಂದೇ ಕೋಣೇಲಿ.’ ಒಬ್ಬ ಯುವ ಶಿಕ್ಷಕಿ ಮಾತ್ರ ಸಿನಿಮಾ ಪರ ನಿಂತರು. ಅವರ ತಮ್ಮನಿಗೂ ಹೀಗೇ ಇತ್ತಂತೆ, ಎಂಟನೇ ಕ್ಲಾಸಿಗೆ ಬಿಟ್ಟು ಗ್ಯಾರೇಜ್ ಸೇರಿದನಂತೆ. ಅವರು ಅದನ್ನು ಹೇಳಿ ಮುಗಿಸಿದಾಗ ಗಲಾಟೆ ಸ್ವಲ್ಪ ತಗ್ಗಿತು.

ಆ ಸಿಟ್ಟಿನಲ್ಲೇ ಕೆಲಸಕ್ಕೆ ಬರುವ ಒಂದು ಮಾತೂ ಬಂತು. ಹಿಂದಿನ ಸಾಲಿನಲ್ಲಿದ್ದ, ಚಿಕ್ಕ ಮಕ್ಕಳಿಗೆ ಚಟುವಟಿಕೆಯಲ್ಲಿ ಕಲಿಸುವ ನಲಿಕಲಿ ಶಿಕ್ಷಕಿಯೊಬ್ಬರು, ‘ಇವರು ತೋರಿಸೋದು ಇಂಗ್ಲಿಷಿನ ಬಿ ಮತ್ತು ಡಿ ತಿರುಗುಮುರುಗು ಆಗೋದು. ನಮ್ಮ ಮಕ್ಕಳು ಎಡವೋದು ಅಲ್ಲಲ್ಲ’ ಅಂದರು. ಆಮೇಲೆ ಅರ್ಧ ಗಂಟೆ ನಾವು ಮಾತಾಡಿದ್ದು ಬರೀ ಅಕ್ಷರದ ಬಗ್ಗೆ. ನಮ್ಮ ಮಕ್ಕಳು ಎಡವುವುದು ಪ, ವ, ಮ ಇವುಗಳಲ್ಲಿ. ರ ಮತ್ತು ಠದಲ್ಲಿ. ಕೊಂಬು, ಏತ್ವ, ದೀರ್ಘ ಸೇರಿದಾಗ. ಎಲ್ಲಕ್ಕಿಂತ ಜಾಸ್ತಿ ಅರ್ಕಾವತ್ತಿನಲ್ಲಿ. ‘ಸೂರ್ಯ’ ಬರೆದರೆ ನಮ್ಮ ಹುಡುಗ ‘ಸೂಯರ’ ಅಂತ ಓದುತ್ತಿದ್ದ. ಯೋಚಿಸಿದರೆ ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದ್ದಾನೆ. ಯ ಮೊದಲು ಇದೆ, ಅರ್ಕಾವತ್ತು ಆಮೇಲಿದೆ. ಬಾಯಲ್ಲಿ ಮಾತ್ರ ರ ಮೊದಲು ಬರಬೇಕು. ತಪ್ಪು ಪೂರ್ತಿ ಅವನದೂ ಅಲ್ಲ ಅಲ್ವಾ?

ಇನ್ನೊಂದು ವಿಷಯ ಅಲ್ಲೇ ಬಂತು. ಸಿನಿಮಾ ಬಂದಾಗ ಇದ್ದದ್ದು 1995ರ ಅಂಗವಿಕಲರ ಕಾಯ್ದೆ. ಅದರ ಏಳು ವಿಧಗಳಲ್ಲಿ ಕಲಿಕಾ ನ್ಯೂನತೆಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆಯಲ್ಲಿ ವಿಧಗಳು ಇಪ್ಪತ್ತೊಂದಾದವು, ಅದರಲ್ಲಿ ಇದೂ ಸೇರಿತು. ಹಾಗಾಗಿ ಈಗ ನಾವು ನಿಕುಂಭ್ ಬರಲಿ ಅಂತ ಕಾಯಬೇಕಾಗಿಲ್ಲ. ತಾಲ್ಲೂಕಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರಾದ ಬಿಐಇಆರ್‌ಟಿಗೆ ಹೇಳಿ ಮಗುವನ್ನು ತೋರಿಸಬಹುದು. ಇದು ಗೊತ್ತಿದ್ದವರು ಅವತ್ತು ಅಲ್ಲಿ ಮೂರೇ ಜನ.

ಮೂರನೇ ಸಲ ಅಪ್ಪಂದಿರನ್ನೂ ಕರೆದೆ. ರಾತ್ರಿ ಊಟವಾದ ಮೇಲೆ, ಶಾಲೆಯ ಅಂಗಳದಲ್ಲಿ. ಈ ಸಲ ‘ಏನು ಕಲಿತಿರಿ’ ಕೇಳಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಬದಲಿಗೆ ಒಂದು ದೃಶ್ಯಕ್ಕೆ ನಿಲ್ಲಿಸಿದೆ. ನಿಕುಂಭ್ ಇಶಾನ್ ಮನೆಗೆ ಹೋದಾಗ ಅವನ ಅಪ್ಪ, ಓದದಿರುವುದು ಬರೀ ನೆಪ ಅನ್ನುತ್ತಾನೆ. ನಿಕುಂಭ್ ಪರಭಾಷೆಯ ಅಕ್ಷರ ಇರುವ ಒಂದು ಡಬ್ಬ ಕೈಗಿಟ್ಟು, ‘ಓದಿ’ ಅನ್ನುತ್ತಾರೆ. ಅಪ್ಪ ತಬ್ಬಿಬ್ಬು.

ನಾನೂ ಅದೇ ಆಟ ಕಟ್ಟಿದ್ದೆ. ಮಲಯಾಳಂ ಪತ್ರಿಕೆಯ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದೆ. ದನಿ ಎತ್ತರಿಸಿ, ‘ಓದಿ. ಗಮನ ಇಟ್ಟು ಓದಿ. ಯಾಕೆ ಬರಲ್ಲ? ಸೋಮಾರಿಗಳಾ?’ ಅಂದೆ. ಓದು ಬಲ್ಲ ನಾಲ್ಕೈದು ಅಪ್ಪಂದಿರು ಸಿನಿಮಾದ ಅಪ್ಪನ ಹಾಗೇ ಮುಖ ಮಾಡಿದರು. ಒಳ್ಳೇದಾಯಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಹಾಳೆ ಮೇಲೆತ್ತಿ, ‘ಟೀಚರಮ್ಮ, ನಮಗೆ ಕನ್ನಡಾನೂ ಇಂಗೇ ಕಾಣ್ತದೆ’ ಅಂದರು. ಅಂಗಳವೆಲ್ಲ ನಗು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಸಭೆಗೆ ಬಂದವರಲ್ಲಿ ಅರ್ಧದಷ್ಟು ಜನ ಹೆಬ್ಬೆಟ್ಟಿನವರು. ಅದು ನನಗೆ ಗೊತ್ತಿತ್ತು, ಹಾಜರಿ ಪುಸ್ತಕದಲ್ಲಿ ಅವರ ಹೆಬ್ಬೆಟ್ಟು ಒತ್ತಿಸಿಕೊಂಡವಳೇ ನಾನು.

ಅವರು ಮುಂದುವರಿಸಿದರು. ‘ಬಸ್ಸಿನ ಬೋರ್ಡು ನೋಡಿದ್ರೆ ಕಣ್ಣು ಕತ್ತಲೆ ಬಂದಂಗಾಗ್ತದೆ. ಪಕ್ಕದವರನ್ನ ಕೇಳೋಕೆ ನಾಚಿಕೆ. ಕೇಳಿದ್ರೆ, ಬರ್ದೈತಲ್ಲ ಕಾಣಲ್ವಾ ಅಂತಾರೆ. ಆ ಹುಡುಗನ ಕಷ್ಟ ನಂಗೆ ಮೊದಲ್ನೇ ದಿನಾನೇ ಗೊತ್ತಾತು. ನೀವೆಲ್ಲ ಯಾಕೆ ಇಷ್ಟೊಂದು ಹೇಳ್ತೀರೋ.’

ಅವರು ಮೊದಲ ದಿನ ಅತ್ತವರಲ್ಲ. ಗೋಡೆಗೆ ಒರಗಿ ಕೂತವರು. ಆ ಹುಡುಗನ ಅಮ್ಮ.

ಆಮೇಲೆ ಅಪ್ಪಂದಿರ ಬಾಯಿ ಬಿಚ್ಚಿತು. ಒಬ್ಬರು ಇಶಾನ್‌ನ ಅಪ್ಪನ ಪರ ವಾದ ಮಾಡಿದರು. ‘ಅವನು ಕುಡುಕನಾ? ಅಲ್ಲ. ದುಡಿದು ತಂದು ಹಾಕ್ತಾನೆ, ಫೀಸು ಕಟ್ತಾನೆ. ಕಾಯಿಲೆ ಅಂತ ಯಾರಾದ್ರೂ ಮೊದಲೇ ಹೇಳಿದ್ರಾ ಅವನಿಗೆ?’ ಕಾಯಿಲೆ ಅಲ್ಲ ಅಂತ ನಾನು ತಿದ್ದಿದೆ. ಆದರೆ ಅವರ ಮಾತಿನ ತಿರುಳು ತಳ್ಳಿಹಾಕುವಂಥದ್ದಲ್ಲ. ಒಂದು ಗಂಟೆ ದಾಟಿ, ಕೋಡಂಗಿ ವೇಷದಲ್ಲಿ ನಿಕುಂಭ್ ಬರುವ ತನಕ ಇದು ಡಿಸ್ಲೆಕ್ಸಿಯಾ ಅಂತ ಆ ಅಪ್ಪನಿಗೆ ಯಾರೂ ಹೇಳಿಯೇ ಇರುವುದಿಲ್ಲ. ಹೇಳಬೇಕಾದ ಮೊದಲಿಗರು ಟೀಚರುಗಳು. ಅಂದರೆ ನಾವು.

ಹುಡುಗನ ಕಥೆ ಏನಾಯಿತು ಅಂತ ಕೇಳುತ್ತೀರಿ. ಹೆಸರಿನ ಗಲಾಟೆಗೆ ಮೊದಲು ಮದ್ದು ಮಾಡಬೇಕಿತ್ತು. ಬೈದರೆ ಇನ್ನೂ ಗಟ್ಟಿಯಾಗುತ್ತದೆ ಅಂತ ಗೊತ್ತಿದ್ದರಿಂದ ಸುಮ್ಮನಿದ್ದೆ. ಅವನು ಮತ್ತೆ ಶಾಲೆಗೆ ಬಂದ ಮೇಲೆ ಅವನನ್ನೊಬ್ಬನನ್ನೇ ಪಕ್ಕಕ್ಕೆ ಕೂರಿಸುವುದನ್ನು ಬಿಟ್ಟೆ. ಸಿನಿಮಾದಲ್ಲಿ ನಿಕುಂಭ್ ಮರಳಿನಲ್ಲಿ ಬರೆಸುತ್ತಾರೆ, ಜೇಡಿಮಣ್ಣಿನಲ್ಲಿ ಅಕ್ಷರ ಮಾಡಿಸುತ್ತಾರೆ, ಮೆಟ್ಟಿಲು ಹತ್ತಿಳಿಸಿ ಲೆಕ್ಕ ಕಲಿಸುತ್ತಾರೆ. ಕದಿಯಲು ಯೋಗ್ಯವಾದದ್ದು ಇಡೀ ಸಿನಿಮಾದಲ್ಲಿ ಇದೇ ಎರಡು ನಿಮಿಷ. ನಾನು ನಾಲ್ಕನೇ ಕ್ಲಾಸಿನ ಎಲ್ಲರಿಗೂ ಅದನ್ನೇ ಮಾಡಿದೆ. ಮೊದಲು ಟ್ರೇಗೆ ಎಂ ಸ್ಯಾಂಡ್ ಹಾಕಿದೆ, ಬೆರಳಿಗೆ ಚುಚ್ಚುತ್ತದೆ ಅಂತ ಮಕ್ಕಳು ಕೈ ಎಳೆದುಕೊಂಡರು. ಆಮೇಲೆ ರಾಗಿ ಹಾಕಿದೆ. ರಾಗಿ ನುಣ್ಣಗೆ ಸರಿಯುತ್ತದೆ, ತಟ್ಟೆಯ ತಳ ಬೆಳ್ಳಗೆ ಕಾಣುತ್ತದೆ, ಅಕ್ಷರ ಎದ್ದು ನಿಲ್ಲುತ್ತದೆ. ಬರೆಯುವಾಗ ಜೋರಾಗಿ ಹೇಳಬೇಕು. ಅರ್ಕಾವತ್ತಿಗೆ ಮೊದಲು ಬಾಯಲ್ಲಿ ‘ರ್’ ಅಂದು, ಆಮೇಲೆ ಯ ಬರೆದು, ಕೊನೆಗೆ ಬಾಲ ಎಳೆಯಬೇಕು. ಇದನ್ನು ನೋಡಲು ಬಂದ ಒಬ್ಬ ತಾತ, ‘ನಾವು ಕಲ್ತಿದ್ದೇ ಮರಳ ಮೇಲೆ, ಅದಕ್ಕೆ ಹಿಂದಿ ಸಿನಿಮಾ ಬೇಕಾಯ್ತಾ ನಿಮ್ಗೆ?’ ಅಂದರು.

ಪವಾಡ ಏನೂ ಆಗಲಿಲ್ಲ. ಬಿಐಇಆರ್‌ಟಿ ಬಂದು ನೋಡಿದರು, ಮುಂದಿನ ತಪಾಸಣೆಗೆ ಕಳಿಸಲು ಹೇಳಿದರು, ಅದು ಸಾವಕಾಶವಾಗಿ ನಡೆಯಿತು. ಮಾರ್ಚ್ ಹೊತ್ತಿಗೆ ಅವನು ಒತ್ತಕ್ಷರ ಇಲ್ಲದ ನಾಲ್ಕು ಸಾಲು ಬೆರಳಿಟ್ಟು ಓದುತ್ತಿದ್ದ. ‘ಸೂರ್ಯ’ ಹತ್ತರಲ್ಲಿ ಆರು ಸಲ ಸರಿ. ಬಾಯಲ್ಲಿ ಕೇಳಿದರೆ ಪರಿಸರ ಅಧ್ಯಯನದ ಪಾಠ ಪೂರ್ತಿ ಹೇಳುತ್ತಾನೆ, ಅದನ್ನು ನಾನು ಮೂರು ವರ್ಷ ಕೇಳಿಯೇ ಇರಲಿಲ್ಲ.

ಆ ಹಿರಿಯ ಮೇಷ್ಟ್ರು ಒಂದು ದಿನ ಫೋನ್ ಮಾಡಿದರು. ಸಿನಿಮಾದ ಸುದ್ದಿಯೇ ಇಲ್ಲ. ‘ರಾಗಿ ಹಾಕಿದ್ರೆ ಇರುವೆ ಬರಲ್ವಾ ಮೇಡಂ?’ ಬರುತ್ತವೆ ಸಾರ್, ಸಂಜೆ ಡಬ್ಬಕ್ಕೆ ಹಾಕಿ ಮುಚ್ಚಿಡಬೇಕು ಅಂದೆ.

ನಾಲ್ಕನೇ ಪ್ರದರ್ಶನ ಪಕ್ಕದ ಊರಿನಲ್ಲಿ ಆಗಬೇಕಿತ್ತು, ಅಲ್ಲಿ ಸೋಲಾರ್ ಬ್ಯಾಟರಿ ಕೈಕೊಟ್ಟು ನಮ್ಮ ಶಾಲೆಗೇ ಬಂತು. ಈ ಸಲ ನಾನೊಂದು ತೀರ್ಮಾನ ಮಾಡಿದ್ದೆ. ಇಶಾನ್‌ನ ಅಪ್ಪ ಬೋರ್ಡಿಂಗ್ ಶಾಲೆಗೆ ಬಂದು, ಮಗ ನೋಟಿಸ್ ಬೋರ್ಡಿನ ಎದುರು ನಿಂತು ಅಕ್ಷರ ಕೂಡಿಸಿ ಓದುವುದನ್ನು ದೂರದಿಂದ ನೋಡುತ್ತಾನೆ. ಹತ್ತಿರ ಹೋಗಲಾರದೆ ಹಾಗೇ ತಿರುಗಿ ನಡೆಯುತ್ತಾನೆ. ನನ್ನ ಪ್ರಕಾರ ಸಿನಿಮಾ ಮುಗಿಯಬೇಕಾದದ್ದು ಅಲ್ಲೇ. ಅಲ್ಲಿಗೇ ಪ್ರೊಜೆಕ್ಟರ್ ಆರಿಸಿ ಲೈಟ್ ಹಾಕಿದೆ. ಚಿತ್ರಕಲಾ ಸ್ಪರ್ಧೆ, ಬಹುಮಾನ, ಚಪ್ಪಾಳೆ ಯಾವುದೂ ಬೇಡ ಅಂತ.

ಮಕ್ಕಳು ಬಿಟ್ಟಾರೆಯೇ? ಮೊದಲು ನೋಡಿದವರೆಲ್ಲ ಕೂಗಿದರು, ‘ಮಿಸ್, ಇನ್ನೂ ಐತೆ! ಅವನು ಫಸ್ಟ್ ಬರೋದು ಐತೆ!’ ದೊಡ್ಡವರೂ ಎದ್ದೇಳಲಿಲ್ಲ. ‘ಕೊನೇಗೆ ನಗೋದು ನೋಡ್ಕೊಂಡು ಮಲಗ್ತೀವಿ ಹಾಕ್ರಮ್ಮ’ ಅಂತ ಉರ್ದು ತಾಯಿ ಹಟ ಹಿಡಿದರು. ಹಾಕಿದೆ.

ಪರದೆಯ ಮೇಲೆ ಇಶಾನ್ ಬಣ್ಣ ಕಲಸುತ್ತಿದ್ದ. ನಾನು ನಮ್ಮ ಹುಡುಗ ಎಲ್ಲಿ ಅಂತ ಸಾಲು ಸಾಲು ಹುಡುಕಿದೆ. ಒಳಗಿರಲಿಲ್ಲ. ಹೊರಗೆ ನೀರಿನ ಟ್ಯಾಂಕಿನ ಹತ್ತಿರ ಲೈಟ್ ಕಂಬದ ಕೆಳಗೆ ಗೋಲಿ ಆಡುತ್ತಿದ್ದ, ಇನ್ನಿಬ್ಬರ ಜೊತೆ. ಒಬ್ಬ, ‘ಲೇ ಇಶಾನಾ, ಬೇಗ ಹೊಡಿಯಲೇ’ ಅಂದ. ಅವನು ಒಂದು ಕಣ್ಣು ಮುಚ್ಚಿ ಗುರಿ ಇಡುತ್ತಲೇ ಇದ್ದ.